ಹುಡುಗರನ್ನು ಹಿಡಿಯುವ ಮೊದಲು ಕೂರಿಸಿ ಮಾತಾಡಿಸಿ

ಸಂಪಾದಕರಿಗೆ ನಮಸ್ಕಾರ.

ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆಮೇಲೆ ಅವರು ಏನಾದರು ಅನ್ನೋದು ಮಾತ್ರ ಬರುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು, ನನಗೆ ಅದೇ ಚಿಂತೆ.

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ 'ಸೊಪ್ಪು' ಹಚ್ಚಿಕೊಂಡಿದ್ದ. ಗೊತ್ತಾದ ದಿನ ಭಾವ ಹೊಡೆದರು, ಅಕ್ಕ ಆಣೆ ಹಾಕಿಸಿದಳು. ಚಟ ಬಿಡಿಸುವ ಖಾಸಗಿ ಕೇಂದ್ರವೊಂದಕ್ಕೆ ಫೋನ್ ಮಾಡಿದರೆ, ಅವನ ಮುಖ ನೋಡುವ ಮೊದಲೇ ಮೂರು ತಿಂಗಳು ಸೇರಿಸಿಬಿಡಿ ಅಂದರು. ಕೊನೆಗೆ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚಕಿಯೊಬ್ಬರು ಅವನನ್ನು ಎದುರಿಗೆ ಕೂರಿಸಿಕೊಂಡು, ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಸೇದಿದೆ, ಸೇದಲೇಬೇಕು ಅಂತ ಎಷ್ಟು ಸಲ ಅನ್ನಿಸಿತು, ಅದರಿಂದ ಯಾವ ಕೆಲಸ ತಪ್ಪಿತು ಅಂತ ಒಂದೊಂದಾಗಿ ಕೇಳಿದರು. ಅಂಕ ಕೂಡಿಸಿ ಚೀಟಿಯನ್ನು ಅವನ ಕೈಗೇ ಕೊಟ್ಟರು. "ಇದರಲ್ಲಿ ನಿನಗೆ ಏನು ಇಷ್ಟ? ಏನು ಕಷ್ಟ ಆಗ್ತಿದೆ?" ಅಂದರು. ಇಷ್ಟ ಏನು ಅಂತ ಅವನನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಿದ್ದೆ ಬರುತ್ತೆ ಅಂದ. ಬೆಳಗಿನ ಲ್ಯಾಬ್ ಎಲ್ಲ ತಪ್ಪಿಹೋಯ್ತು ಅಂತಲೂ ಅವನೇ ಹೇಳಿದ. ಕಡಿಮೆ ಮಾಡ್ತೀನಿ ಅನ್ನೋ ಮಾತೂ ಅವನ ಬಾಯಿಂದಲೇ ಬಂತು. ಇಷ್ಟಕ್ಕೆಲ್ಲ ಹಿಡಿದದ್ದು ಇಪ್ಪತ್ತು ನಿಮಿಷ.

ಮೊದಲ ಎರಡು ವಾರ ನಿದ್ದೆ ಇಲ್ಲ, ಊಟ ಸೇರಲ್ಲ, ಎಲ್ಲದಕ್ಕೂ ಸಿಡುಕು. ಹೀಗಾಗುತ್ತೆ ಅಂತ ಆ ಮೇಡಂ ಮೊದಲೇ ಹೇಳಿದ್ದರಿಂದ ನಾವು ತಡೆದುಕೊಂಡೆವು. ಮಧ್ಯೆ ಎರಡು ಸಲ ಮತ್ತೆ ಸೇದಿದ, ಬಂದು ಹೇಳಿದ.

ಆ ಮೇಡಂ ಕೇಳಿದ ಪ್ರಶ್ನೆಗಳು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಅಸಿಸ್ಟ್' ಎಂಬ ಪ್ರಶ್ನಾವಳಿಯವಂತೆ. 4ರಿಂದ 26 ಅಂಕ ಬಂದವರಿಗೆ ಇಂಥ ಚಿಕ್ಕ ಮಾತುಕತೆ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದಷ್ಟೇ ಸಾಲದು, ತಜ್ಞರು ನೋಡಬೇಕು. ಯಾರದೋ ದನಿ ಕೇಳಿಸುತ್ತೆ, ಎಲ್ಲರ ಮೇಲೂ ಅನುಮಾನ ಅನ್ನುವವರನ್ನಂತೂ ಅಂಕ ನೋಡದೆ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು. ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ಈ ಚಿಕ್ಕ ಮಾತುಕತೆಯನ್ನು ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಫಲ ಕಾಣಲಿಲ್ಲ, ಆದರೆ ಒಟ್ಟಾರೆ ನೋಡಿದರೆ ಹೀಗೆ ಮಾತಾಡಿಸಿದವರಲ್ಲಿ ಮೂರು ತಿಂಗಳಲ್ಲಿ ಅಂಕ ಇಳಿದಿತ್ತು. 2019ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಗಾಂಜಾ, ಭಂಗಿಯಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 72 ಲಕ್ಷ ಜನ. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರೋದು? ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೂಡ ಇದನ್ನು ಮಾಡಬಲ್ಲರು, ಅಲ್ವಾ?

ಕೇಸ್ ಆಗುತ್ತೆ ಅಂತ ಹೆದರಿ ಮನೆಯವರು ಆಸ್ಪತ್ರೆಗೇ ಹೋಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ತಾನಾಗಿ ಬಂದು ಸರ್ಕಾರಿ ಆಸ್ಪತ್ರೆಯಲ್ಲೋ ಮಾನ್ಯತೆ ಪಡೆದ ಕೇಂದ್ರದಲ್ಲೋ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯ ಪ್ರಕರಣದಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ.

ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಅದರ ಕೆಳಗೆ ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಹಾಕಿ. ಉಚಿತ ಕರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇಂತಿ,
ಒಬ್ಬ ಉಪನ್ಯಾಸಕಿ