ಬೇಗಡೆಯ ಮೇಲೆ ಗೀರಿದ ಕೊರಿಯಾ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೊರಿಯಾದ ಕಲೆಯ ಬಗ್ಗೆ ಬಂದ ಲೇಖನ ಓದಿದೆ. ಸೋಲ್ ನಗರದ ಕಲಾಮೇಳ, ಹರಾಜಿನ ಬೆಲೆ, ಪಾಪ್ ತಾರೆಯರು ಕೊಂಡ ಚಿತ್ರಗಳು, ಇಷ್ಟರಲ್ಲೇ ಅರ್ಧ ಪುಟ ಮುಗಿದಿದೆ. ಜೊತೆಗೆ ಒಂದೇ ಬಣ್ಣದಲ್ಲಿ ಬರೆಯುವ ಏಕವರ್ಣದ ಪಂಥದ ಚಿತ್ರಕಾರ ಪಾರ್ಕ್ ಸೊ-ಬೊ ಅವರ ಕೃತಿಯೊಂದನ್ನು ಅಂಚೆಚೀಟಿಯಷ್ಟಗಲ ಅಚ್ಚು ಹಾಕಿದ್ದೀರಿ. ಬೀದರಿಗೆ ಬಂದ ಪ್ರತಿಯಲ್ಲಿ ಅಲ್ಲಿ ಶಾಯಿ ಹತ್ತಿಲ್ಲವೇನೋ ಎಂದುಕೊಂಡೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು ನಾನು. ದುಡ್ಡು ಬಂತು, ಆಮೇಲೆ ಕಲೆ ಬಂತು ಎನ್ನುವ ಲೇಖನದ ಧಾಟಿಗೆ ನನ್ನ ತಕರಾರು. ಕೈಯಲ್ಲಿ ಏನೂ ಇಲ್ಲದಾಗ ಅಲ್ಲಿನವರು ಯಾವುದರ ಮೇಲೆ ಚಿತ್ರ ಬರೆದರು ಎಂದು ಒಂದು ಮಾತು ಬೇಡವೇ?

ಚಿತ್ರಕಾರ ಲೀ ಜುಂಗ್-ಸೊಪ್ ಕೊರಿಯಾ ಯುದ್ಧದ ಹೊತ್ತಿನಲ್ಲಿ, 1950ರ ಚಳಿಗಾಲದಲ್ಲಿ, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಉತ್ತರದಿಂದ ಓಡಿಬಂದವರು. ಮರುವರ್ಷ ಜೆಜು ದ್ವೀಪದ ಸೊಗ್ವಿಪೊದಲ್ಲಿ ನಾಲ್ವರೂ ಮಲಗುತ್ತಿದ್ದ ಕೋಣೆ ನಮ್ಮ ದೇವರಕೋಣೆಗಿಂತ ತುಸು ದೊಡ್ಡದು, ಅಷ್ಟೇ. 1952ರಲ್ಲಿ ಜಪಾನಿನವರಾದ ಅವರ ಹೆಂಡತಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ತವರಿಗೆ ಹೋದರು. ಲೀ ಬಳಿ ಕ್ಯಾನ್ವಾಸಿಗೆ ಕಾಸಿಲ್ಲ. ಸಿಗರೇಟ್ ಪ್ಯಾಕಿನ ಬೇಗಡೆ ಬಿಡಿಸಿ, ಮೊನೆಯಿಂದ ಗೀರಿ, ಬಣ್ಣ ಬಳಿದು ಒರೆಸಿಬಿಡುತ್ತಿದ್ದರು. ಗೀರಿನೊಳಗಷ್ಟೇ ಬಣ್ಣ ನಿಲ್ಲುತ್ತಿತ್ತು. ಏಡಿ, ಮೀನು, ಬತ್ತಲೆ ಮಕ್ಕಳು. ಅಂಥ ಮೂರು ಬೇಗಡೆಗಳು ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ಮೋಮಾ ಸಂಗ್ರಹಾಲಯದಲ್ಲಿವೆ. ಅವರು ಮಾತ್ರ 1956ರಲ್ಲಿ, ನಲವತ್ತಕ್ಕೇ, ಸೋಲ್‌ನ ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ತೀರಿಕೊಂಡರು.

ನಾನೂ ಮಾಡಿ ನೋಡಿದೆ. ಎದುರಿನ ಪಾನ್ ಅಂಗಡಿಯಿಂದ ಖಾಲಿ ಪ್ಯಾಕು ತಂದು ಕಂಪಾಸಿನ ಮುಳ್ಳಿನಿಂದ ಗೀರಿದರೆ ಮೊದಲೆರಡು ಹರಿದೇ ಹೋದವು. ಕೈ ಭಾರ ಬಿಡಬಾರದು. ಮೂರನೆಯದರಲ್ಲಿ ಏಡಿಯ ಕೊಂಡಿ ಮೂಡಿತು. ಬಿದರಿ ಕುಸುರಿಯ ಓಣಿಯಲ್ಲಿ ಬೆಳೆದವನಿಗೆ ಗೀರು ತುಂಬುವ ಕೆಲಸ ಹೊಸದಲ್ಲ. ನಮ್ಮದು ಕಪ್ಪಿನೊಳಗೆ ಬೆಳ್ಳಿ, ಅವರದು ಬೆಳ್ಳಿಯೊಳಗೆ ಕಪ್ಪು.

ನೀವು ಬೆಲೆ ಹೇಳಿದ ಏಕವರ್ಣದ ಪಂಥದಲ್ಲೂ ಇದೇ ಕಥೆ: ಹಾ ಚೊಂಗ್-ಹ್ಯುನ್ ಎಪ್ಪತ್ತರ ದಶಕದಿಂದ ಗೋಣಿತಟ್ಟಿನ ಹಿಂಬದಿಯಿಂದ ಬಣ್ಣ ಒತ್ತಿ ಮುಂದಕ್ಕೆ ಹೊರಡಿಸಿದವರು. 1967ರಲ್ಲಿ ಗೂಢಚಾರಿಕೆಯ ಆರೋಪದ ಮೇಲೆ ಜೈಲು ಸೇರಿದ ಇನ್ನೊಬ್ಬ ಚಿತ್ರಕಾರ ಲೀ ಉಂಗ್-ನೊ ಊಟಕ್ಕೆ ಕೊಟ್ಟ ಸೋಯಾ ಸಾಸನ್ನೇ ಶಾಯಿ ಮಾಡಿಕೊಂಡರು.

ಇನ್ನು 1980ರ ಮೇ ತಿಂಗಳ ಗ್ವಾಂಗ್ಜು. ಸೈನಿಕ ಆಡಳಿತದ ವಿರುದ್ಧ ಎದ್ದ ಜನರ ಮೇಲೆ ಸೈನ್ಯ ಗುಂಡು ಹಾರಿಸಿದ ಆ ಊರಿನ ಹೆಸರೇ ಲೇಖನದಲ್ಲಿಲ್ಲ! ಕಲಾವಿದ ಹೊಂಗ್ ಸುಂಗ್-ದಾಮ್ ಅದನ್ನು ಮರದಚ್ಚಿನಲ್ಲಿ ಕೊರೆದರು, ಊರವರಿಗೂ ಕೊರೆಯಲು ಕಲಿಸಿದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲ. ಒಂದು ಹಲಗೆ ಕೊರೆದರೆ ಬೇಕಾದಷ್ಟು ಪ್ರತಿ ತೆಗೆದು ಹಂಚಬಹುದಿತ್ತು. ಸಂತೆಯ ಹೆಂಗಸರು ಅನ್ನದ ಉಂಡೆ ಕಟ್ಟಿ ಹೋರಾಟಗಾರರಿಗೆ ಕೊಟ್ಟದ್ದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ.

ಮುಂದಿನ ಸಲ ಆ ಮರದಚ್ಚುಗಳಲ್ಲಿ ಒಂದನ್ನು, ಅನುಮತಿ ಸಿಕ್ಕರೆ, ಅರ್ಧ ಪುಟ ಹಾಕಿ. ಬರೀ ಕಪ್ಪು-ಬಿಳುಪು. ನಿಮ್ಮ ನ್ಯೂಸ್‌ಪ್ರಿಂಟಿನ ಮೇಲೂ ಕೆಡುವುದಿಲ್ಲ.

— ನಿವೃತ್ತ ಚಿತ್ರಕಲಾ ಶಿಕ್ಷಕ, ಬೀದರ್