ಪೋಷಕರಿಗೆ ಪತ್ರ: ಒಂದು ಮೋಲ್, ಒಂದು ಕ್ಯಾನ್

ಚಿಕ್ಕಬಳ್ಳಾಪುರ

ಪೋಷಕರಿಗೆ ನಮಸ್ಕಾರ.

ಮೊನ್ನೆ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಕಿರುಪರೀಕ್ಷೆ ಪೇಪರ್‌ಗಳನ್ನು ನಾನೇ ಕೂತು ನೋಡಿದೆ. 10 ಗ್ರಾಂ ಸುಣ್ಣದ ಕಲ್ಲಿಗೆ ಬೇಕಾದಷ್ಟು ಆಸಿಡ್ ಹಾಕಿದರೆ ಎಸ್‌ಟಿಪಿಯಲ್ಲಿ (ಅಂದರೆ 0 ಡಿಗ್ರಿ ಬಿಸಿ, ಸಮುದ್ರ ಮಟ್ಟದ ಗಾಳಿಯ ಒತ್ತಡದಲ್ಲಿ) ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅಂತ ಒಂದು ಪ್ರಶ್ನೆ. ಒಬ್ಬ ಹುಡುಗ ಒಂದು ಪುಟ ಲೆಕ್ಕ ಮಾಡಿ 224 ಲೀಟರ್ ಅಂತ ಬರೆದು, ಸುತ್ತ ಬಾಕ್ಸ್ ಬೇರೆ ಹಾಕಿದ್ದ. ಗೋಲಿಯಷ್ಟು ಕಲ್ಲಿನಿಂದ ಒಂದು ದೊಡ್ಡ ಡ್ರಮ್ ತುಂಬಿ ಮಿಗುವಷ್ಟು ಗ್ಯಾಸು! ಕರೆದು ಕೇಳಿದರೆ, "ಲೆಕ್ಕ ಹಂಗೇ ಬಂತು ಸಾರ್" ಅಂದ. ಮೋಲ್ ಅಂದರೆ ಡಜನ್ ಥರ ಕಣಗಳನ್ನು ಎಣಿಸುವ ಒಂದು ಲೆಕ್ಕ; ಸುಣ್ಣದ ಕಲ್ಲು ಒಂದು ಮೋಲ್ ಅಂದರೆ 100 ಗ್ರಾಂ, ಅದರಿಂದ ಬರುವುದು ಒಂದು ಮೋಲ್ ಗ್ಯಾಸ್. ಎಷ್ಟು ಮೋಲ್ ಅಂತ ನೋಡಲು 10ನ್ನು 100ರಿಂದ ಭಾಗಿಸುವ ಬದಲು 100ನ್ನು 10ರಿಂದ ಭಾಗಿಸಿದ್ದ. ಸರಿ ಉತ್ತರ 2.24 ಲೀಟರ್.

ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ಉತ್ತರ ನೋಡಿ ಅವನಿಗೆ ಅನುಮಾನ ಬರಲಿಲ್ಲವಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ.

ನಮ್ಮ ಕಡೆ ಫ್ಲೋರೈಡ್ ನೀರಿನ ಕಾಟದಿಂದ ಎಲ್ಲರ ಮನೆಯಲ್ಲೂ 20 ಲೀಟರ್ ಕ್ಯಾನ್ ಇದೆ ಅಲ್ವಾ? ಯಾವುದೇ ಗ್ಯಾಸ್ ಒಂದು ಮೋಲ್ ಇದ್ದರೆ ಎಸ್‌ಟಿಪಿಯಲ್ಲಿ 22.4 ಲೀಟರ್, ಅಂದರೆ ಒಂದು ಕ್ಯಾನ್ ತುಂಬಿ ಎರಡು ಲೀಟರ್ ಚಿಲ್ಲರೆ ಮಿಗುತ್ತದೆ. ಎಷ್ಟು ಮೋಲ್ ಅಂತ ನೋಡಿ 20ರಿಂದ ಗುಣಿಸಿ, ಎಂಟನೇ ಒಂದು ಪಾಲು ಸೇರಿಸಿದರೆ ಉತ್ತರದ ಹತ್ತಿರ ಬಂದ ಹಾಗೆ. ಬಿಸಿ 27 ಡಿಗ್ರಿ ಇದ್ದರೆ ಇನ್ನೊಂದು ಹತ್ತನೇ ಪಾಲು ಜಾಸ್ತಿ, 24.6 ಲೀಟರ್. (ನಂದಿ ಬೆಟ್ಟದ ಮೇಲೆ ಗಾಳಿಯ ಒತ್ತಡ ಕಮ್ಮಿ, ಅಲ್ಲಿ ಅದೇ ಒಂದು ಮೋಲ್ 29 ಲೀಟರ್ ಹತ್ತಿರ ಹೋಗುತ್ತದೆ. ಇದು ಪರೀಕ್ಷೆಗೆ ಬರಲ್ಲ, ಸುಮ್ನೆ ಹೇಳಿದೆ.) ಹೊಸ ಪುಸ್ತಕಗಳಲ್ಲಿ 1 ಬಾರ್ ಒತ್ತಡಕ್ಕೆ 22.7 ಅಂತ ಇರುತ್ತದೆ. ಅಂದಾಜಿಗೆ ಎರಡೂ ಒಂದೇ.

ಒಂದು ಕಡೆ ಮಾತ್ರ ಜೋಪಾನ. 18 ಗ್ರಾಂ ನೀರು (ಅದೂ ಒಂದು ಮೋಲೇ) ಎಷ್ಟು ಜಾಗ ಹಿಡಿಯುತ್ತದೆ ಅಂದರೆ ಅರ್ಧ ಕ್ಲಾಸು 22.4 ಲೀಟರ್ ಅನ್ನುತ್ತದೆ. ನೀರು ಅಲ್ಲಿ ಗ್ಯಾಸಲ್ಲ. ಬರೀ 18 ಮಿಲಿ, ಒಂದು ಲೋಟದ ತಳ ಒದ್ದೆ ಮಾಡುವಷ್ಟು.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ನಾಲ್ಕು ಆಯ್ಕೆಗಳಲ್ಲಿ 2.24, 22.4, 224 ಅಂತ ಇದ್ದರೆ ಅಂದಾಜು ಗೊತ್ತಿರುವವನಿಗೆ ಹತ್ತು ಸೆಕೆಂಡ್ ಸಾಕು. ಬೋರ್ಡ್ ಪರೀಕ್ಷೆಗೆ ಮಾತ್ರ ಹಂತ ಹಂತವಾಗಿ ಬರೆಯಲೇಬೇಕು.

ನಿಮಗೆ ಈ ವಿದ್ಯೆ ಹೊಸದಲ್ಲ. ಟೊಮೆಟೊ ತೋಟದ ಬದುವಿನಲ್ಲಿ ನಿಂತು "ಈ ಕೊಯ್ಲಿಗೆ ಇಷ್ಟು ಬಾಕ್ಸ್ ಆಗತ್ತೆ" ಅನ್ನುವವರು ನೀವು. ಮಗು ಪೆನ್ನು ಹಿಡಿಯದೆ ಮೇಲೆ ನೋಡುತ್ತಾ ಕೂತಿದ್ದರೆ ಬೈಯಬೇಡಿ. "ಎಷ್ಟು ಕ್ಯಾನ್ ಬರಬಹುದು?" ಅಂತ ಕೇಳಿ. ಅದು ಹೇಳಲಿ, ಆಮೇಲೆ ಬರೆಯಲಿ.

ಮನೆಯಲ್ಲಿ ಒಡೆದು ಮೂಲೆಗೆ ಬಿದ್ದ ಕ್ಯಾನ್ ಇದ್ದರೆ ಸೋಮವಾರ ಕಳಿಸಿಕೊಡಿ. ಲ್ಯಾಬಿನ ಮೇಜಿನ ಮೇಲೆ ಇಡುತ್ತೇವೆ. ಮುಚ್ಚಳ ಇಲ್ಲದಿದ್ದರೂ ನಡೆಯುತ್ತದೆ.

ಇಂತಿ,
ಪ್ರಾಂಶುಪಾಲರು