ಕಥೆ ಸಾಕು, ಕೈ ಏನು ಮಾಡಿತು ಅದನ್ನು ಬರೆ

ಪ್ರೀತಿಯ ತಂಗಿಗೆ,

ಹತ್ತು ಜಪಾನೀ ಗೇಮ್‌ಗಳ ಪಟ್ಟಿ ಮಾಡಿ ನೀನು ಬರೆದ ಲೇಖನ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. "ಜಪಾನಿನ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಬರೆದರೆ ಓದುವವರೇ ಇಲ್ಲ, ಇದೇ ಕೊನೆ" ಅಂತ ಬರೆದಿದ್ದೀಯ. ಬೇಜಾರಾಯಿತು. ಸ್ವಲ್ಪ ಸಿಟ್ಟೂ ಬಂತು. ನಾನು ಓದಿದೆನಲ್ಲ? ಊಟಕ್ಕೆ ಕರೆದರೂ ಏಳದೆ ಓದಿದೆ. ಹಾಗಾಗಿ ಆ ಮಾತು ಇಲ್ಲಿಗೆ ಬಿಡೋಣ.

ನೀನು ಕೇಳಿದ ಸಣ್ಣಪುಟ್ಟ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಎಷ್ಟು ಪುಟ ಇರಬೇಕು, ಚಿತ್ರ ಹಾಕಬೇಕಾ, ಮೊದಲ ಸಾಲು ಹೇಗಿರಬೇಕು, ಇದೆಲ್ಲ ಬರೆಯುತ್ತಾ ತಾನಾಗಿ ಗೊತ್ತಾಗುತ್ತದೆ. ಜಪಾನೀಸ್ ಬಾರದವಳು ಇದರ ಬಗ್ಗೆ ಬರೆಯಬಹುದಾ ಅಂತ ಕೇಳಿದ್ದೀಯ. ಬರೆಯಬಹುದು. ಇಂಗ್ಲಿಷಿನಲ್ಲಿ ಆಡಿದೆ ಅಂತ ಒಂದು ಸಾಲು ಹೇಳಿಬಿಡು. ಮೂಲದ ಭಾಷೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡಬೇಡ. ಅಷ್ಟೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿನ್ನ ಲೇಖನದ ಬಹುಪಾಲು ಬರೀ ಕಥೆ. ಫೈನಲ್ ಫ್ಯಾಂಟಸಿ 7ರ ಬಗ್ಗೆ ಬರೆಯುವಾಗ ಮಿಡ್ಗಾರ್ ನಗರ, ಶಿನ್ರಾ ಕಂಪನಿ, ನಾಯಕ ಕ್ಲೌಡ್‌ನ ಹಳೆಯ ನೆನಪು, ವೈರಿ ಸೆಫಿರಾತ್‌ನ ಹುಚ್ಚು, ಎಲ್ಲ ಹೇಳಿದ್ದೀಯ. 1997ರಿಂದ ಲೋಕವೆಲ್ಲ ಅದನ್ನು ಹೇಳುತ್ತಲೇ ಇದೆ. ಆಡದವರಿಗೆ ಅದು ತಲೆಗೆ ಹತ್ತುವುದಿಲ್ಲ. ಆಡಿದವರಿಗೆ ಬೇಕಾಗಿಲ್ಲ. ಆದರೆ ನಡುವೆ ಎಲ್ಲೋ, ನಿನಗೇ ಗೊತ್ತಿಲ್ಲದಂತೆ, ನಾಯಕನ ಜೊತೆಗಾತಿ ಏರಿತ್ ಸಾಯುವ ಜಾಗದಲ್ಲಿ, ಹೀಗೆ ಬರೆದಿದ್ದೀಯ: "ಏರಿತ್ ಹೋದ ಮೇಲೆ ಮೆನು ತೆರೆದೆ. ಅವಳ ಮಟೀರಿಯಾ ಎಲ್ಲ ವಾಪಸ್ ಬಂದಿತ್ತು. ಬೇರೆ ಯಾರಿಗೂ ಹಾಕಲು ಮನಸ್ಸಾಗಲಿಲ್ಲ."

ಅಲ್ಲಿ ಓದು ನಿಲ್ಲಿಸಿದೆ. ಈ ಪತ್ರ ಬರೆಯುತ್ತಿರುವುದೇ ಆ ಮೂರು ಸಾಲಿಗಾಗಿ.

ಏನಾಗಿದೆ ನೋಡು ಅಲ್ಲಿ. ಮಟೀರಿಯಾ ಅಂದರೆ ಪಾತ್ರಗಳಿಗೆ ನಾವು ತೊಡಿಸುವ ಮಂತ್ರದ ಹರಳು. ಸಿನಿಮಾದಲ್ಲಿ ಒಬ್ಬಳು ಸತ್ತರೆ ನಾವು ಅಳುತ್ತೇವೆ, ಮುಗಿಯಿತು. ಇಲ್ಲಿ ಅವಳನ್ನು ನೀನು ಗಂಟೆಗಟ್ಟಲೆ ಬೆಳೆಸಿದ್ದೀಯ. ಅವಳ ಲಿಮಿಟ್ ಬ್ರೇಕ್‌ಗಳು, ಅಂದರೆ ಪೆಟ್ಟು ತಿಂದು ತಿಂದು ಸಿಗುವ ವಿಶೇಷ ಶಕ್ತಿಗಳು, ಹೆಚ್ಚಿನವು ಗಾಯ ವಾಸಿ ಮಾಡುವಂಥವು, ಜೊತೆಗಾರರನ್ನು ಕಾಯುವಂಥವು. ಹಾಗಾಗಿ ಕಷ್ಟದ ಯುದ್ಧ ಬಂದಾಗಲೆಲ್ಲ ನಿನ್ನ ಬೆರಳು ಅವಳ ಹೆಸರಿನ ಕಡೆಗೆ ಹೋಗುವುದು ಕಲಿತುಬಿಟ್ಟಿದೆ. ಅವಳು ಸತ್ತ ತಕ್ಷಣ ಗೇಮ್ ಒಂದು ಯುದ್ಧ ಕೊಡುತ್ತದೆ. ದೊಡ್ಡ ವೈರಿ ಎದುರಾದಾಗಿನ ಮಾಮೂಲಿ ಸಂಗೀತ ಬರುವುದಿಲ್ಲ, ಅವಳ ಹಾಡಿನ ರಾಗವೇ ಮುಂದುವರಿಯುತ್ತದೆ. ಅಳುತ್ತಾ ಅಟ್ಯಾಕ್ ಒತ್ತಬೇಕು. ಆಮೇಲೆ ಮೆನು ತೆರೆದರೆ ಅವಳ ಮಟೀರಿಯಾ ನಿನ್ನ ಚೀಲದಲ್ಲಿ. ಈ ದುಃಖ ಕಥೆಯೊಳಗೆ ಮಾತ್ರ ಇಲ್ಲ, ಮೆನುವಿನಲ್ಲಿದೆ, ನಿನ್ನ ಹೆಬ್ಬೆರಳಿನಲ್ಲಿದೆ. ಇದನ್ನು ಬರೆಯಬೇಕಾದವಳು ಮೂರು ಸಾಲು ಬರೆದು ಮತ್ತೆ ಸೆಫಿರಾತ್‌ನ ಜನ್ಮವೃತ್ತಾಂತಕ್ಕೆ ಹೋಗಿಬಿಟ್ಟಿದ್ದೀಯಲ್ಲ!

ನಾನು ನಿನಗೆ ಹೇಳಬೇಕಾದದ್ದು ಇದೊಂದೇ. ಈ ಗೇಮ್‌ಗಳ ಬಗ್ಗೆ ಬರೆಯುವಾಗ ಕಥೆಯಲ್ಲಿ ಏನಾಯಿತು ಅನ್ನುವುದಕ್ಕಿಂತ, ಆಗ ನಿನ್ನ ಕೈ ಏನು ಮಾಡುತ್ತಿತ್ತು ಅನ್ನುವುದನ್ನು ಬರೆ.

ಕ್ರೋನೋ ಟ್ರಿಗರ್ ತೆಗೆದುಕೋ. ನಿನ್ನ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ, ಆದರೆ ಬರೆದದ್ದು ಕಾಲಪ್ರಯಾಣದ ಬಗ್ಗೆ, ಪಾತ್ರಗಳನ್ನು ಬಿಡಿಸಿದ ಟೊರಿಯಾಮಾ ಅವರ ಚಿತ್ರಗಳ ಬಗ್ಗೆ. 1995ರ ಆ ಗೇಮ್ ಶುರುವಾಗುವುದು ಒಂದು ಜಾತ್ರೆಯಿಂದ. ಜಪಾನೀ ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುವ ಗೇಮ್) ಆಡುವ ಯಾರೇ ಆಗಲಿ ಜಾತ್ರೆಗೆ ಹೋದ ಕೂಡಲೇ ಏನು ಮಾಡುತ್ತಾರೆ? ಸಿಕ್ಕಿದ್ದಕ್ಕೆಲ್ಲ ಬಟನ್ ಒತ್ತುತ್ತಾರೆ. ಮೇಜಿನ ಮೇಲೆ ಯಾರದೋ ಊಟವಿದೆ. ಒತ್ತಿದರೆ ನಾಯಕ ತಿಂದುಬಿಡುತ್ತಾನೆ. ಒಬ್ಬಳು ಹುಡುಗಿ ಬಂದು ಡಿಕ್ಕಿ ಹೊಡೆಯುತ್ತಾಳೆ, ಅವಳ ಪದಕ ಆಚೆ ಬೀಳುತ್ತದೆ. ಹೊಳೆಯುವ ವಸ್ತು ಕಂಡರೆ ಎತ್ತಿಕೊಳ್ಳಬೇಕು ಅಂತ ವರ್ಷಗಳಿಂದ ನಮಗೆ ಅಭ್ಯಾಸ. ಎತ್ತಿಕೊಳ್ಳುತ್ತೇವೆ. ಹುಡುಗಿಗೆ ಏನಾಯಿತು ಅಂತ ಆಮೇಲೆ ನೋಡುತ್ತೇವೆ.

ಮುಂದೆ ಆ ಹುಡುಗಿಯೇ ರಾಜಕುಮಾರಿ ಅಂತ ಗೊತ್ತಾಗುತ್ತದೆ, ಇದೇ ನಾಯಕನನ್ನು ಅವಳ ಅಪಹರಣದ ಆರೋಪದ ಮೇಲೆ ಕೋರ್ಟಿಗೆ ಎಳೆಯುತ್ತಾರೆ. ಮಂತ್ರಿಯೇ ವಾದ ಮಾಡುತ್ತಾನೆ. ಆಗ ಊಟದ ಮುದುಕ ಸಾಕ್ಷಿಗೆ ಬರುತ್ತಾನೆ. ಮೊದಲು ಪದಕ ಎತ್ತಿಕೊಂಡೆಯಾ, ಹುಡುಗಿಯನ್ನು ವಿಚಾರಿಸಿದೆಯಾ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಜಾತ್ರೆಯಲ್ಲಿ ಒಬ್ಬ ಪುಟ್ಟ ಹುಡುಗಿಯ ಕಳೆದುಹೋದ ಬೆಕ್ಕನ್ನು ತಂದುಕೊಟ್ಟಿದ್ದರೆ ಅವಳು ನಿನ್ನ ಪರ ಮಾತಾಡುತ್ತಾಳೆ. ಏಳು ಜನ ಜ್ಯೂರಿ ಒಬ್ಬೊಬ್ಬರಾಗಿ ಒಂದೊಂದು ಕಡೆ ನಿಲ್ಲುತ್ತಾರೆ. ಗೆದ್ದರೂ ಸೋತರೂ ಜೈಲು ತಪ್ಪುವುದಿಲ್ಲ. ಆದರೆ ಅದಾದ ಮೇಲೆ ಯಾವ ಊರಿಗೆ ಹೋದರೂ, ಯಾರ ಮನೆಯ ಪೆಟ್ಟಿಗೆ ತೆರೆಯುವಾಗಲೂ ಒಂದು ಕ್ಷಣ ಬೆರಳು ಹಿಂಜರಿಯುತ್ತದೆ. ಯೋಚನೆಯಿಲ್ಲದೆ ಒತ್ತುವ ನಮ್ಮ ಅಭ್ಯಾಸವನ್ನೇ ಗೇಮ್ ಸಾಕ್ಷಿಯ ಕಟ್ಟೆಗೆ ತಂದು ನಿಲ್ಲಿಸಿತು. ಕಾಲಪ್ರಯಾಣದ ಕಥೆಗಳು ಬೇಕಾದಷ್ಟಿವೆ ತಂಗಿ. ಈ ಕೋರ್ಟಿಗೆ ನಾನೇ ಹೋಗಿ ನಿಂತಿದ್ದೆ.

ಇದೇ ದೃಶ್ಯದ ಬಗ್ಗೆ ಹಿಂದೆ ಒಂದು ವಾರಪತ್ರಿಕೆಗೆ ಬರೆದಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ ಜಾತ್ರೆ, ಊಟ, ಪದಕ ಎಲ್ಲ ಮಾಯ. ಕಥಾಸಾರ ಮಾತ್ರ ಉಳಿಸಿದ್ದರು. ಕೇಳಿದ್ದಕ್ಕೆ ಸಂಪಾದಕರು, "ಬಟನ್ ಒತ್ತುವುದರ ಬಗ್ಗೆ ಯಾರು ಓದುತ್ತಾರೆ ಸಾರ್" ಅಂದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಿನ್ನ ಲೇಖನ ಓದುವಾಗ ಅನಿಸಿದ್ದು, ಆ ಸಂಪಾದಕರು ನಿನ್ನ ತಲೆಯೊಳಗೇ ಕೂತಿದ್ದಾರೆ. ಯಾರೂ ಹೇಳದೆ ನೀನೇ ಬಟನ್‌ಗಳನ್ನೆಲ್ಲ ಕತ್ತರಿಸಿ ಹಾಕಿದ್ದೀಯ. ಅವರನ್ನು ಮೊದಲು ಹೊರಗೆ ಕಳಿಸು.

ಇನ್ನೊಂದು ಮಾತು ಚುಚ್ಚಿತು. ಸ್ಟೈನ್ಸ್;ಗೇಟ್ ಅನ್ನುವ ವಿಶುವಲ್ ನಾವೆಲ್ (ಚಿತ್ರ, ಸಂಗೀತದ ಜೊತೆ ಓದುತ್ತಾ ಹೋಗುವ ಗೇಮ್) ಬಗ್ಗೆ ಬರೆಯುತ್ತಾ "ಇದು ಒಳ್ಳೆಯ ಕಾದಂಬರಿಗೆ ಸಮ" ಅಂದಿದ್ದೀಯ. ಯಾಕೆ? ನಿನಗೆ ಇಷ್ಟವಾದದ್ದನ್ನು ಇನ್ನೊಬ್ಬರ ಮನೆಯ ಅಂಗಿ ತೊಡಿಸಿ ಯಾಕೆ ಹೊರಗೆ ಕರೆದುಕೊಂಡು ಬರುತ್ತೀಯ? ಅದನ್ನು ಕಾದಂಬರಿ ಅಂತಲೇ ಓದಿದರೆ ಮೊದಲರ್ಧ ಎಳೆದಂತಿದೆ. ಟೋಕಿಯೋದ ಅಕಿಹಬಾರಾದ ಒಂದು ಕೋಣೆಯಲ್ಲಿ ಹುಡುಗರು ಹರಟೆ ಹೊಡೆಯುತ್ತಲೇ ಇರುತ್ತಾರೆ. ಆದರೆ ನಮ್ಮ ಕೈಯಲ್ಲಿ ನಾಯಕ ಒಕಾಬೆಯ ಫೋನ್ ಇದೆ. ಪರದೆಯ ಮೇಲೆ "ಇದು ಬೇಕಾ, ಅದು ಬೇಕಾ" ಅಂತ ಆಯ್ಕೆಯ ಪಟ್ಟಿ ಬರುವುದಿಲ್ಲ. ಫೋನ್ ಎತ್ತುವುದು, ಮೆಸೇಜಿಗೆ ಉತ್ತರ ಕೊಡುವುದು, ಕೊಡದೇ ಸುಮ್ನೆ ಇರುವುದು, ಇಷ್ಟೇ ನಮಗಿರುವ ಅಧಿಕಾರ. ಗೆಳತಿಯನ್ನು ಉಳಿಸಲು ಹಿಂದೆ ಕಳಿಸಿದ ಡಿ-ಮೇಲ್‌ಗಳನ್ನು, ಅಂದರೆ ಕಳೆದುಹೋದ ಕಾಲಕ್ಕೆ ಹೋಗಿ ಮುಟ್ಟುವ ಮೆಸೇಜ್‌ಗಳನ್ನು, ಒಂದೊಂದಾಗಿ ರದ್ದು ಮಾಡಬೇಕಾದಾಗ, ಪ್ರತಿ ಸಲವೂ ಯಾರೋ ಒಬ್ಬರಿಗೆ ಸಿಕ್ಕಿದ್ದ ಸಂತೋಷ ಕಿತ್ತುಕೊಳ್ಳಬೇಕು. ಸತ್ತ ಅಪ್ಪನನ್ನು ವಾಪಸ್ ಪಡೆದ ಹುಡುಗಿ ಅವನನ್ನು ಮತ್ತೆ ಕಳೆದುಕೊಳ್ಳಬೇಕು. ಆಗ ಫೋನ್ ಎತ್ತುವುದು ಎಷ್ಟು ಕಷ್ಟ! ನೀನು ಆ ಕ್ಷಣದಲ್ಲಿ ಏನು ಮಾಡಿದೆ? ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆ? ಲೇಖನದಲ್ಲಿ ಅದಿಲ್ಲ.

ವಿಶುವಲ್ ನಾವೆಲ್‌ನಲ್ಲಿ ಕೈಗೆ ಕೆಲಸವೇ ಇಲ್ಲ ಅಂತ ನೀನು ವಾದ ಮಾಡಬಹುದು. ಇದೆ, ನೋಡು. ಒಂದು ರೂಟ್ (ಕಥೆಯ ಒಂದು ದಾರಿ) ಮುಗಿಸಿ ಎರಡನೆಯದಕ್ಕೆ ಹೋಗುವಾಗ ಸ್ಕಿಪ್ ಒತ್ತುತ್ತೇವೆ. ಓದಿದ ಸಾಲುಗಳು ಸರಸರ ಓಡುತ್ತವೆ. ಇದ್ದಕ್ಕಿದ್ದಂತೆ ಸ್ಕಿಪ್ ತಾನಾಗಿ ನಿಲ್ಲುತ್ತದೆ. ಅಂದರೆ ಇಲ್ಲಿಂದ ಹೊಸದು. ಅದೇ ಕೋಣೆ, ಅದೇ ಮುಖ, ಅದೇ ಸಂಗೀತ, ಆದರೆ ಈ ಸಾಲು ಇದುವರೆಗೆ ಓದಿಲ್ಲ. ಆ ನಿಲುಗಡೆಯಲ್ಲಿ ಎದೆ ಧಸಕ್ ಅನ್ನುತ್ತದಲ್ವಾ, ಅಂಥದ್ದು ಪುಸ್ತಕ ಓದುವಾಗ ನನಗೆ ಆಗಿಲ್ಲ. 1994ರ ಕಾಮಾಇತಾಚಿ ನೋ ಯೋರು, ಹಿಮದಲ್ಲಿ ಸಿಕ್ಕಿಬಿದ್ದ ವಸತಿಗೃಹದ ಕೊಲೆಯ ಕಥೆ. ಅದರಲ್ಲಿ ಕೊಲೆಗಾರ ಯಾರು ಅಂತ ಹೆಸರನ್ನು ನಾವೇ ಅಕ್ಷರ ಆರಿಸಿ ಬರೆಯಬೇಕು. ಸುಮ್ಮನೆ ಊಹಿಸುವುದು ಬೇರೆ, ಒಬ್ಬರ ಹೆಸರು ಬರೆದು ಆರೋಪ ಹೊರಿಸುವುದು ಬೇರೆ. ಇನ್ನು ಹಿಗುರಾಶಿಯಲ್ಲಿ ಆಯ್ಕೆಯೇ ಇಲ್ಲ, ಒಪ್ಪುತ್ತೇನೆ. 2002ರಲ್ಲಿ ಕಾಮಿಕೆಟ್ ಮೇಳದಲ್ಲಿ ಮಾರಾಟಕ್ಕೆ ಬಂದ ಆ ಕಥೆಯಲ್ಲಿ ಬರೀ ಕ್ಲಿಕ್ ಮಾಡುತ್ತಾ ಹೋಗಬೇಕು. ಆದರೆ ಬಾಗಿಲ ಹಿಂದೆ ಯಾರೋ ಇದ್ದಾರೆ ಅಂತ ಗೊತ್ತಾದ ಮೇಲೂ ಮುಂದಿನ ಕ್ಲಿಕ್ ಮಾಡುವವಳು ನೀನೇ. ಶಿರಸಿಯವಳು ಅಂತ ಬರೆದಿದ್ದೀಯ, ಜೀರುಂಡೆಯ ಸದ್ದು ಕೇಳುತ್ತಾ ಬೆಳೆದವಳು. ಹೆಡ್‌ಫೋನ್ ಹಾಕಿಕೊಂಡು ಆ ಗೇಮ್‌ನ ಜೀರುಂಡೆಗಳನ್ನು ಕೇಳಿದಾಗ ಏನಾಯಿತು ಅಂತ ನಿನ್ನಷ್ಟು ಚೆನ್ನಾಗಿ ಯಾರು ಬರೆಯುತ್ತಾರೆ?

ಅಂದಹಾಗೆ, ಆರ್‌ಪಿಜಿ ಮತ್ತು ವಿಶುವಲ್ ನಾವೆಲ್ ಎರಡನ್ನೂ ಒಂದೇ ಲೇಖನದಲ್ಲಿ ಸೇರಿಸಿದ್ದಕ್ಕೆ ಕ್ಷಮೆ ಕೇಳಿದ್ದೀಯ. ಕೇಳಬೇಕಾಗಿಲ್ಲ. ಹೊರಿಯಿ ಯೂಜಿ 1983ರಲ್ಲಿ ಪೋರ್ಟೋಪಿಯಾ ಅನ್ನುವ ಪತ್ತೇದಾರಿ ಗೇಮ್ ಮಾಡಿದರು. ಆಮೇಲೆ, 1986ರಲ್ಲಿ, ಡ್ರ್ಯಾಗನ್ ಕ್ವೆಸ್ಟ್ ಅನ್ನುವ ಆರ್‌ಪಿಜಿ. ಆ ಸರಣಿಯ ಮೊದಲ ಐದು ಗೇಮ್‌ಗಳ ಪ್ರೋಗ್ರಾಂ ಬರೆದ ಚುನ್‌ಸಾಫ್ಟ್ ಕಂಪನಿಯೇ ಕಾಮಾಇತಾಚಿಯನ್ನೂ ಮಾಡಿದ್ದು. ಎರಡೂ ಒಂದೇ ಮನೆಯವು. ಹೊರಿಯಿ ಅವರೂ ಮೊದಲು ಪತ್ರಿಕೆಗಳಿಗೆ ಬರೆಯುತ್ತಿದ್ದವರೇ, ಅದನ್ನು ನೆನಪಿಟ್ಟುಕೋ.

ಕೈಯ ಕೆಲಸ ಗಮನಿಸಿದರೆ ಬಯ್ಯುವುದನ್ನೂ ಸರಿಯಾಗಿ ಬಯ್ಯಬಹುದು. ಝೀನೋಗಿಯರ್ಸ್ ನಿನ್ನ ಪಟ್ಟಿಯಲ್ಲಿ ಮೂರನೆಯದು. "ಎರಡನೇ ಡಿಸ್ಕ್ ಸ್ವಲ್ಪ ಅವಸರ" ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಹೆದರಿಕೆ ಯಾಕೆ? 1998ರ ಆ ಗೇಮ್‌ನ ಎರಡನೇ ಡಿಸ್ಕಿನಲ್ಲಿ ಪಾತ್ರಗಳು ಕುರ್ಚಿ ಮೇಲೆ ಕೂತು ನಡೆದದ್ದನ್ನು ನಮಗೆ ವರದಿ ಒಪ್ಪಿಸುತ್ತವೆ. ಕಥೆ ಅಲ್ಲಿ ದೊಡ್ಡದಾಗುತ್ತಾ ಹೋಗುತ್ತದೆ, ದೇವರವರೆಗೆ ಹೋಗುತ್ತದೆ. ಆದರೆ ನಾವು ನಡೆದು ಹೋಗಬೇಕಾದ ಊರುಗಳನ್ನು ಬರೀ ಕೇಳಿಸಿಕೊಳ್ಳುತ್ತೇವೆ. ಅಷ್ಟು ಹೊತ್ತು ಜೊತೆಗೆ ನಡೆಸಿ, ಕೊನೆಗೆ ಕೂತು ಕೇಳು ಅಂದರೆ ಮನಸ್ಸಿಗೆ ನೋವಾಗುತ್ತದೆ. ಇದನ್ನು ಹೇಳಿದರೆ ಅಭಿಮಾನಿಗಳು ಬೇಸರ ಮಾಡಿಕೊಳ್ಳುತ್ತಾರೆ ಅಂತ ನೀನು ಬಿಟ್ಟಿದ್ದೀಯ. ಅವರ ಮೆಚ್ಚುಗೆ ಇಟ್ಟುಕೊಂಡು ಏನು ಮಾಡುತ್ತೀಯ? ನಾನೂ ಆ ಗೇಮ್‌ನ ಅಭಿಮಾನಿ. ಪ್ರೀತಿಸುವವಳೇ ಹೇಳದಿದ್ದರೆ ಮತ್ತೆ ಯಾರು ಹೇಳಬೇಕು?

ಗ್ರೈಂಡಿಂಗ್ (ಬಲ ಹೆಚ್ಚಿಸಿಕೊಳ್ಳಲು ಅವೇ ಯುದ್ಧಗಳನ್ನು ಮತ್ತೆ ಮತ್ತೆ ಮಾಡುವುದು) ಬಗ್ಗೆ ನೀನು ಬರೆದದ್ದು ಅರ್ಧ ಸರಿ, ಅರ್ಧ ಕೇಳಿದ ಮಾತು. ಎಲ್ಲಿ ಬೋರ್ ಹೊಡೆಯಿತು, ಎಲ್ಲಿ ಹಿತವಾಗಿತ್ತು ಅಂತ ಹೆಸರು ಹಿಡಿದು ಬರೆ.

ಈಗ ಡ್ರ್ಯಾಗನ್ ಕ್ವೆಸ್ಟ್ 5. ಅದನ್ನು ಹತ್ತನೇ ಸ್ಥಾನಕ್ಕೆ ತಳ್ಳಿದ್ದೀಯ. "ಕಥೆ ಸರಳ" ಅನ್ನುವುದು ನಿನ್ನ ಕಾರಣ. ಜಪಾನಿನಲ್ಲಿ 1992ರಲ್ಲಿ ಬಂದ ಗೇಮ್ ಅದು, ಇಂಗ್ಲಿಷಿಗೆ ಅಧಿಕೃತವಾಗಿ ಬಂದದ್ದು 2009ರಲ್ಲಿ. ಒಬ್ಬ ಮನುಷ್ಯನ ಬಾಲ್ಯ, ಯೌವನ, ಮದುವೆ, ಮಕ್ಕಳು. ಶುರುವಿನಲ್ಲಿ ನೀನು ಪುಟ್ಟ ಹುಡುಗ. ಅಪ್ಪ ಪಂಕ್ರಾಜ್ ಜೊತೆ ನಡೆಯುತ್ತೀಯ. ದಾರಿಯಲ್ಲಿ ಸಣ್ಣ ರಾಕ್ಷಸರು ಎದುರಾದರೆ ಅಪ್ಪನೇ ಹೊಡೆದು ಮುಗಿಸುತ್ತಾನೆ. ನಿನಗೆ ಪೆಟ್ಟಾಗಿದ್ದರೆ ಯುದ್ಧ ಮುಗಿದ ಮೇಲೆ ಅವನೇ ಮಂತ್ರ ಹಾಕಿ ವಾಸಿ ಮಾಡುತ್ತಾನೆ. ನೀನು ಮೆನು ತೆರೆಯಬೇಕಾಗಿಯೇ ಇಲ್ಲ. ಆಮೇಲೆ ಒಂದು ದಿನ ವೈರಿಗಳು ನಿನ್ನನ್ನು ಒತ್ತೆ ಇಟ್ಟುಕೊಳ್ಳುತ್ತಾರೆ. ಅಪ್ಪ ಕೈ ಎತ್ತದೆ ಪೆಟ್ಟು ತಿನ್ನುತ್ತಾ ನಿಲ್ಲುತ್ತಾನೆ. ನಿನಗೆ ಒತ್ತಲು ಯಾವ ಬಟನ್ನೂ ಇಲ್ಲ. ಹತ್ತು ವರ್ಷದ ಗುಲಾಮಗಿರಿ ಮುಗಿಸಿ ಹೊರಗೆ ಬಂದು, ಮೊದಲ ಯುದ್ಧಗಳಲ್ಲಿ ಗಾಯವಾದಾಗ ಮೆನು ತೆರೆದು ನಿನ್ನ ಗಾಯ ನೀನೇ ವಾಸಿ ಮಾಡಿಕೊಳ್ಳಬೇಕು. ಅಪ್ಪ ಇಲ್ಲ ಅಂತ ಅಲ್ಲಿ ಯಾವ ಪಾತ್ರವೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಇದು ಸರಳ ಕಥೆಯಾ? ಮತ್ತೊಮ್ಮೆ ಆಡು. ಈ ಸಲ ನಿನ್ನ ಬೆರಳು ನೋಡಿಕೊಂಡು ಆಡು.

ಹತ್ತು ಗೇಮ್‌ಗಳ ಪಟ್ಟಿ ಬಿಟ್ಟುಬಿಡು. ಒಂದೇ ಗೇಮ್, ಅದರಲ್ಲಿ ಒಂದೇ ಜಾಗ ಇಟ್ಟುಕೊಂಡು ಬರೆದು ಕಳಿಸು. ಏರಿತ್‌ಳ ಮಟೀರಿಯಾ ಆದರೂ ಸರಿ, ಬೇರೆ ಯಾವುದಾದರೂ ಸರಿ. ಬೇಗ ಕಳಿಸಬೇಕು ಅಂತೇನಿಲ್ಲ, ಆದರೆ ಕಳಿಸಲೇಬೇಕು.

ಮತ್ತೆ, ಡ್ರ್ಯಾಗನ್ ಕ್ವೆಸ್ಟ್ 5ರ ಮದುವೆಯ ಆಯ್ಕೆಯಲ್ಲಿ ನೀನು ಫ್ಲೋರಾಳನ್ನು ಆರಿಸಿದೆ ಅಂತ ಕೊನೆಗೊಂದು ಸಾಲು ಸೇರಿಸಿದ್ದೀಯ. ಬಾಲ್ಯದಲ್ಲಿ ದೆವ್ವದ ಕೋಟೆಗೆ ನಿನ್ನ ಜೊತೆ ನಡುರಾತ್ರಿ ಬಂದವಳು ಬಿಯಾಂಕಾ. ದೊಡ್ಡವಳಾದ ಮೇಲೂ ಉಂಗುರ ಹುಡುಕಲು ಜೊತೆಗೆ ನಡೆದವಳು ಅವಳೇ. ಆ ಉಂಗುರ ಫ್ಲೋರಾಳ ಮದುವೆಗೆ ಅಂತ ಗೊತ್ತಿದ್ದೂ ಬಂದಳು. ಅವಳನ್ನು ಬಿಟ್ಟು ಬೇರೆಯವಳ ಹೆಸರು ಹೇಳಲು ನಿನ್ನ ಕೈ ಹೇಗೆ ಬಂತು ಅಂತ ನನಗೆ ನಿಜವಾಗಿಯೂ ತಿಳಿಯಬೇಕು. ಅದನ್ನು ಬೇರೆ ಹಾಳೆಯಲ್ಲಿ ಬರೆ.

ಪ್ರೀತಿಯಿಂದ,
ನಿನ್ನ ಅಣ್ಣ